ವಂಶವೂ ಕರುಳಬಳ್ಳಿಯೂ

‘ವಂಶ’ವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಬಿದಿರೆಂಬುದೂ ಒಂದರ್ಥ. ಗೆಣ್ಣಿನ ಮೇಲೆ ಗೆಣ್ಣಾಗಿ ನೆಟ್ಟಗೆ ಏರುವ ಬಿದಿರನ್ನು ನೋಡಿ, ತಂದೆಯಿಂದ ಮಗ, ಮಗನಿಂದ ಮೊಮ್ಮಗ ಎಂದು ಸಾಗುವ ಕುಲಪರಂಪರೆಗೆ ಹಿಂದಿನವರು ಆ ಹೆಸರನ್ನು ಕೊಟ್ಟರೆಂದು ಊಹಿಸಬಹುದು. ಕನ್ನಡಿಗರಾದರೋ ಬಂಧುತ್ವವನ್ನು ಹೇಳಬೇಕಾದಾಗ ‘ಕರುಳಬಳ್ಳಿ’ ಎನ್ನುತ್ತಾರೆ. ಬಳ್ಳಿ ಹಬ್ಬುತ್ತದೆ, ಹೆಣೆದುಕೊಳ್ಳುತ್ತದೆ. ಕರುಳೆಂದೊಡನೆ ತಾಯಿಯ ನೆನಪೂ ಬರುತ್ತದೆ. ಈ ಎರಡು ಮಾತುಗಳ ನಡುವಣ ಅಂತರವನ್ನು ಕುರಿತು ಇಲ್ಲಿ ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ. ಮನೆಯಲ್ಲಿ ಹೆಣ್ಣು ಕೊಟ್ಟು ತರುವ ಕಾಲ ಬಂದಾಗ ಇದು ಬರಿಯ ಶಬ್ದವಿಚಾರವಾಗಿ ಉಳಿಯುವುದಿಲ್ಲ.

ಅನೇಕ ಮನೆಗಳಲ್ಲಿ ಹಿರಿಯರು ಬರೆದಿಟ್ಟ ವಂಶವೃಕ್ಷಗಳುಂಟು. ಅವುಗಳಲ್ಲಿ ಬಹುಪಾಲು ಗಂಡಸರ ಹೆಸರುಗಳೇ. ಮಹಾಲಯದಲ್ಲಿ ತರ್ಪಣಕ್ಕೆ ಕುಳಿತವನು ತಾಯಿ ಅಜ್ಜಿಯರ ಹೆಸರನ್ನೂ ಮಾತಾಮಹರ ಹೆಸರನ್ನೂ ಹೇಳಲೇಬೇಕು. ಆದರೆ ಕಾಗದದ ಮೇಲೆ ಅವರಿಗೆ ಸ್ಥಳವಿಲ್ಲ. ಈಗ ಲೆಕ್ಕ ಹಾಕಿ ನೋಡೋಣ. ಒಬ್ಬನಿಗೆ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಮೇಲಿನವರು ಎಂಟು ಮಂದಿ. ಹೀಗೆಯೇ ಹತ್ತು ಮೆಟ್ಟಲು ಮೇಲೆ ಹೋದರೆ ೧೦೨೪ ಸ್ಥಾನಗಳಾಗುತ್ತವೆ. ಮನೆಯ ವಂಶವೃಕ್ಷವು ಇವುಗಳಲ್ಲಿ ಒಂದೇ ಒಂದನ್ನು ಹಿಡಿದು ಉಳಿದ ೧೦೨೩ನ್ನು ಬಿಟ್ಟುಬಿಟ್ಟಿದೆ. ಮೂವತ್ತು ಮೆಟ್ಟಲು, ಎಂದರೆ ಸುಮಾರು ೭೫೦ ವರ್ಷಗಳ ಹಿಂದಕ್ಕೆ ಹೋದರಂತೂ ಸ್ಥಾನಗಳು ೧೦೭ ಕೋಟಿಯನ್ನು ಮೀರುತ್ತವೆ. ಆ ಕಾಲದಲ್ಲಿ ಭೂಮಂಡಲದ ಮೇಲೆ ಅಷ್ಟು ಜನರೇ ಇರಲಿಲ್ಲ. ಆದುದರಿಂದ ಒಬ್ಬನೇ ಪೂರ್ವಜನು ಹಲವು ದಾರಿಗಳಿಂದ ಮತ್ತೆ ಮತ್ತೆ ನಮ್ಮ ಪೂರ್ವಜನಾಗಿ ಬಂದಿರಲೇಬೇಕು. ಬಳ್ಳಿಯ ಹೆಣಿಗೆಯೆಂದರೆ ಇದೇ.

ದೇಹದಲ್ಲಿ ಈ ಇಳಿತ ನಡೆಯುವ ಕ್ರಮವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವನು ಮೆಂಡೆಲನೆಂಬ ಪಾದ್ರಿ. ಮಠದ ತೋಟದಲ್ಲಿ ಬಟಾಣಿಯ ಗಿಡಗಳನ್ನು ಬೆಳೆಸಿ ಕಂಡುಕೊಂಡುದನ್ನು ಅವನು ೧೮೬೬ರಲ್ಲಿ ಪ್ರಕಟಿಸಿದನು. ತಂದೆಯಿಂದಲೂ ತಾಯಿಯಿಂದಲೂ ಬರುವ ಗುಣಬೀಜಗಳು ಹಾಲು ನೀರುಗಳಂತೆ ಬೆರೆತುಹೋಗದೆ ಬಿಡಿಬಿಡಿಯಾಗಿ ಉಳಿಯುತ್ತವೆ. ಒಂದು ತಲೆಮಾರಿನಲ್ಲಿ ಅಡಗಿದುದು ಇನ್ನೊಂದರಲ್ಲಿ ತಲೆಯೆತ್ತಬಹುದು. ಇವನ್ನು ಈಗ ವಂಶವಾಹಿಗಳೆನ್ನುತ್ತಾರೆ. ಮನುಷ್ಯನ ಜೀವಕೋಶದಲ್ಲಿ ಇವುಗಳನ್ನು ಹೊತ್ತ ಕ್ರೋಮೊಸೋಮುಗಳು ೨೩ ಜೊತೆ. ಪ್ರತಿ ಜೊತೆಯಲ್ಲಿಯೂ ಒಂದು ತಂದೆಯದು, ಒಂದು ತಾಯಿಯದು. ಮಕ್ಕಳಿಗೆ ಇಳಿಯುವಾಗ ಇವು ತುಂಡುಗಳಾಗಿ ಹಂಚಿಹೋಗುವುದರಿಂದ, ಹತ್ತು ಮೆಟ್ಟಲು ಮೇಲಿನ ಆ ಸಾವಿರ ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಂದ ನಮ್ಮ ಕ್ರೋಮೊಸೋಮುಗಳಿಗೆ ಒಂದು ಚೂರೂ ಬಂದಿರುವುದಿಲ್ಲ. ಅವರು ನಮ್ಮ ಪೂರ್ವಜರೆಂಬುದು ಸತ್ಯ. ಅವರ ಅಂಶವು ನಮ್ಮಲ್ಲಿಲ್ಲವೆಂಬುದೂ ಸತ್ಯ.

ಬಿದಿರಿನಂತೆ ಒಂದೇ ಗೆರೆಯಲ್ಲಿ ಇಳಿಯುವುದು ದೇಹದಲ್ಲಿ ಎರಡೇ ಉಂಟು. ಗಂಡಸುತನವನ್ನು ನಿರ್ಣಯಿಸುವ ವೈ ಕ್ರೋಮೊಸೋಮು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯವೆಂಬ ಕಣದ ವಂಶವಾಹಿಗಳು ತಾಯಿಯಿಂದ ಮಾತ್ರ ಬರುತ್ತವೆ. ಮಗನಿಗೂ ಬರುತ್ತವೆ, ಆದರೆ ಅವನಿಂದ ಮುಂದಕ್ಕೆ ಹೋಗುವುದಿಲ್ಲ. ಗೋತ್ರವು ಮೊದಲನೆಯದರ ದಾರಿಯನ್ನು ಹಿಡಿದಿದೆ. ಎರಡನೆಯದರ ದಾರಿಗೆ ತುಳುನಾಡಿನ ಬಳಿಯು ಸಮನಾದುದು. ಅಲ್ಲಿ ಬಂಟರೇ ಮೊದಲಾದವರಲ್ಲಿ ಮಕ್ಕಳು ತಾಯಿಯ ಬಳಿಗೆ ಸೇರುವರು. ಗಂಡಸು ತನ್ನ ತಾಯಿಯ ಬಳಿಯವನು, ಅವನ ಮಕ್ಕಳು ಅವನ ಹೆಂಡತಿಯ ಬಳಿಯವರು. ಅಳಿಯಸಂತಾನದ ಆಸ್ತಿಕ್ರಮವು ೧೯೫೬ರ ಹಿಂದೂ ಉತ್ತರಾಧಿಕಾರದ ಕಾಯಿದೆಯ ತರುವಾಯ ಮಾರ್ಪಟ್ಟಿತು. ಬಳಿಯಾದರೋ ಇಂದಿಗೂ ತಾಯಿಯಿಂದಲೇ ಬರುತ್ತದೆ. ಅಳಿಯಸಂತಾನವನ್ನು ವಿಚಿತ್ರವೆಂದು ನಗುವ ಘಟ್ಟದ ಮೇಲಿನವರು, ತಮ್ಮದೂ ಅಷ್ಟೇ ಏಕಪಕ್ಷೀಯವಾದ ಎಣಿಕೆಯೆಂಬುದನ್ನು ಗಮನಿಸುವುದಿಲ್ಲ.

ಎರಡು ಪಕ್ಷಗಳನ್ನೂ ಎಣಿಸಿದವರು ನಮ್ಮಲ್ಲಿ ಇರಲಿಲ್ಲವೆ? ಇದ್ದರು; ಅದೂ ಕನ್ನಡನಾಡಿನಲ್ಲಿಯೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ ಆಳುತ್ತಿದ್ದಾಗ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದನು. ಸ್ಮೃತಿಯಲ್ಲಿ ‘ಸಪಿಂಡ’ವೆಂಬ ಮಾತು ಬರುತ್ತದೆ. ಪಿಂಡವೆಂದರೆ ಶ್ರಾದ್ಧದಲ್ಲಿಡುವ ಅನ್ನದ ಉಂಡೆಯೆಂಬ ಅರ್ಥವನ್ನು ಹಿಡಿದು ವಂಗದೇಶದ ಜೀಮೂತವಾಹನನು ದಾಯಭಾಗವನ್ನು ನಿರ್ಣಯಿಸಿದನು. ವಿಜ್ಞಾನೇಶ್ವರನಾದರೋ ಪಿಂಡವೆಂದರೆ ಶರೀರವೆಂದನು. ತಂದೆಯ ಶರೀರಾವಯವಗಳು ಮಗನಲ್ಲಿ ಅನುವರ್ತಿಸುವುದರಿಂದ ಮಗನು ತಂದೆಗೆ ಸಪಿಂಡ. ತಂದೆಯ ಮೂಲಕ ಅಜ್ಜನಿಗೂ, ತಾಯಿಯ ಶರೀರದ ಮೂಲಕ ಮಾತಾಮಹನಿಗೂ, ಸೋದರಮಾವನಿಗೂ, ಚಿಕ್ಕಮ್ಮ ದೊಡ್ಡಮ್ಮಂದಿರಿಗೂ ಸಪಿಂಡ. ಬಳಿಕ ಅವನೇ ಒಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾನೆ: ಸಂಸಾರವು ಅನಾದಿಯಾದುದರಿಂದ ಹೀಗೆ ಹೇಳಿದರೆ ಎಲ್ಲರಿಗೂ ಎಲ್ಲರೊಡನೆಯೂ ಏನಾದರೊಂದು ರೀತಿಯ ಸಾಪಿಂಡ್ಯವು ಬಂದೊದಗುತ್ತದೆಯಲ್ಲ! ಆದುದರಿಂದಲೇ ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರೆಂದು ಸ್ಮೃತಿಯು ಎಲ್ಲೆಯನ್ನು ಕಟ್ಟಿತೆಂದು ಅವನ ಸಮಾಧಾನ. ಡಾರ್ವಿನ್ನನು ೧೮೫೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿರುವ ಏಕೈಕ ಚಿತ್ರವು ಕವಲೊಡೆಯುತ್ತ ಸಾಗುವ ಸಂತತಿಯದು. ಜೀವಜಾತಿಗಳೆಲ್ಲ ಮಾರ್ಪಡುತ್ತ ಹಿಂದಿನ ಕೆಲವೇ ಮೂಲಗಳಿಂದ ಇಳಿದುಬಂದವೆಂದು ಅವನು ವಾದಿಸಿದನು. ವಿಜ್ಞಾನೇಶ್ವರನಿಗೆ ಈ ಶಾಸ್ತ್ರವು ತಿಳಿದಿತ್ತೆಂದು ಹೇಳುವ ಹುಚ್ಚು ನಮಗಿಲ್ಲ. ಬಂಧುತ್ವಕ್ಕೆ ತಾನಾಗಿ ಎಲ್ಲೆಯಿಲ್ಲ, ಎಲ್ಲೆಯನ್ನು ನಾವು ಕಟ್ಟಿಕೊಳ್ಳಬೇಕು ಎಂಬುದನ್ನು ಮಾತ್ರ ಅವನು ಚೆನ್ನಾಗಿ ಬಲ್ಲವನಾಗಿದ್ದನು.

ಈ ಎಲ್ಲೆಯನ್ನು ನಾವೇನು ಮಾಡಿದ್ದೇವೆ? ಸಂಬಂಧ ಕುದುರಿಸುವಾಗ ಮೊದಲು ಕೇಳುವುದು ಗೋತ್ರ, ಗೋತ್ರವಿಲ್ಲದವರಲ್ಲಿ ಬೆಡಗು. ಎಲ್ಲಿಯೋ ಹುಟ್ಟಿ ಬೆಳೆದ ಇಬ್ಬರ ಗೋತ್ರ ಒಂದೇ ಎಂದು ತಿಳಿದೊಡನೆ ಮಾತುಕತೆ ಮುರಿಯುತ್ತದೆ. ೧೯೪೬ರಲ್ಲಿಯೇ ಕಾಯಿದೆಯು ಸಗೋತ್ರವಿವಾಹದ ಅಡ್ಡಿಯನ್ನು ತೆಗೆದುಹಾಕಿದ್ದರೂ ಮನಸ್ಸು ಒಪ್ಪುವುದಿಲ್ಲ. ಅದೇ ಮನೆಯಲ್ಲಿ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವುದಕ್ಕೆ ಸಂಕೋಚವಿಲ್ಲ, ಗೋತ್ರ ಬೇರೆಯಲ್ಲವೆ! ಸೋದರಮಾವನ ಮಗಳನ್ನು ತರುವುದು ದಕ್ಷಿಣದವರ ಆಚಾರವೆಂದು ಬೌಧಾಯನನೇ ಹೇಳಿದ್ದಾನೆ. ವಿಜಯನಗರದ ಕಾಲದ ಮಾಧವಾಚಾರ್ಯರು ಪರಾಶರಸ್ಮೃತಿಯ ವ್ಯಾಖ್ಯಾನದಲ್ಲಿ ಅದನ್ನು ಸಮರ್ಥಿಸಿದ್ದಾರೆ. ೧೯೫೫ರ ವಿವಾಹದ ಕಾಯಿದೆಯು ತಂದೆಯ ಕಡೆ ಐದು, ತಾಯಿಯ ಕಡೆ ಮೂರು ತಲೆಮಾರುಗಳೊಳಗೆ ವಿವಾಹವನ್ನು ನಿಷೇಧಿಸಿ, ರೂಢಿಯುಳ್ಳವರಿಗೆ ವಿನಾಯಿತಿಯನ್ನಿತ್ತಿದೆ. ಆಚಾರಕ್ಕೆ ಆಧಾರವಿಲ್ಲವೆಂದು ನಾವು ಹೇಳಲಾರೆವು.

ಆದರೆ ದೇಹದ ಲೆಕ್ಕವು ಬೇರೆ. ಏಳು ಮೆಟ್ಟಲು ಮೇಲಿನ ಒಂದೇ ದಂಪತಿಗಳಿಂದ ಎರಡು ಕವಲಾಗಿ ಇಳಿದುಬಂದ ಸಗೋತ್ರಿಗಳಿಬ್ಬರಿಗೆ ಅವರ ಮೂಲಕ ಬಂದ ಸಮಾನಾಂಶವು ಸರಾಸರಿ ೮೧೯೨ರಲ್ಲಿ ಒಂದು. ಸೋದರಮಾವನ ಮಗಳೊಡನೆ ಅದು ಎಂಟರಲ್ಲಿ ಒಂದು. ಅಕ್ಕನ ಮಗಳೊಡನೆ ನಾಲ್ಕರಲ್ಲಿ ಒಂದು. ಪ್ರತಿಯೊಬ್ಬನಲ್ಲಿಯೂ ಕೆಲವು ಕೆಟ್ಟ ವಂಶವಾಹಿಗಳು ಅಡಗಿರುತ್ತವೆ. ಜೊತೆಯದು ಒಳ್ಳೆಯದಾಗಿರುವವರೆಗೆ ಅವುಗಳಿಂದ ಬಾಧೆಯಿಲ್ಲ. ಒಬ್ಬನೇ ಅಜ್ಜನಿಂದ ಬಂದ ಅದೇ ದೋಷವು ತಂದೆಯಿಂದಲೂ ತಾಯಿಯಿಂದಲೂ ಒಂದೇ ಶಿಶುವಿಗೆ ದೊರೆತರೆ ಕಿವುಡುತನ, ಬುದ್ಧಿಮಾಂದ್ಯ, ರಕ್ತದ ಬೇನೆ ಮುಂತಾದುವು ತಲೆದೋರಬಹುದು. ಸೋದರಿಕೆಯ ಮದುವೆಯ ಮಕ್ಕಳಲ್ಲಿ ಇಂತಹ ಕಷ್ಟವು ಇತರರಿಗಿಂತ ನೂರಕ್ಕೆ ಎರಡು ಮೂರರಷ್ಟು ಹೆಚ್ಚು; ಅಕ್ಕನ ಮಗಳ ವಿಷಯದಲ್ಲಿ ಇನ್ನೂ ಹೆಚ್ಚು. ಬಹುಮಂದಿಯ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆಂಬುದನ್ನೂ ಮರೆಯಬಾರದು. ಆದರೂ ತಲೆತಲಾಂತರದಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದಿರುವ ಮನೆತನಗಳಲ್ಲಿ, ಅಥವಾ ಅಂತಹ ಮಗುವೊಂದು ಹುಟ್ಟಿದ ನೆನಪಿರುವ ಮನೆಗಳಲ್ಲಿ, ಲಗ್ನಪತ್ರಿಕೆ ಬರೆಯುವ ಮೊದಲು ವೈದ್ಯರನ್ನು ಕಂಡು ವಿಚಾರಿಸುವುದು ಹಿರಿಯರ ಕರ್ತವ್ಯ. ಹುಟ್ಟಿದ ಮೇಲೆ ತಾಯಿಯ ಹಣೆಬರಹವೆಂದು ದೂರುವ ವಾಡಿಕೆಯು ಅನ್ಯಾಯವಾದುದು. ಅಂತಹ ದೋಷದಲ್ಲಿ ತಂದೆಯ ಪಾಲೂ ಸರಿಸಮವಾಗಿರುತ್ತದೆ.

ದತ್ತಕದ ವಿಷಯವೊಂದು ಉಳಿಯಿತು. ದತ್ತುಹೋದ ಮಗನು ಹೊಸ ಮನೆಯ ಗೋತ್ರವನ್ನೂ ಆಸ್ತಿಯನ್ನೂ ಪಡೆಯುತ್ತಾನೆ. ಆದರೆ ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗಕೂಡದಾಗಿತ್ತೋ ಅವರನ್ನು ದತ್ತುಹೋದ ಮೇಲೂ ಆಗಕೂಡದೆಂದು ೧೯೫೬ರ ದತ್ತಕದ ಕಾಯಿದೆಯು ವಿಧಿಸಿದೆ. ದತ್ತು ತೆಗೆದುಕೊಂಡವರು ಹುಟ್ಟುಮನೆಯ ಹೆಸರುಗಳು ತಿಳಿದಿದ್ದ ಪಕ್ಷದಲ್ಲಿ, ಅಜ್ಜಿಯರ ತೌರುಮನೆಗಳನ್ನೂ ಬಿಡದೆ, ಅವನ್ನು ಬರೆದು ಮಗನ ಕೈಗೆ ಕೊಡುವುದು ಒಳ್ಳೆಯದು.