ನಿಂತ ವಾಹನದ ಬ್ಯಾಟರಿಗೆ ಬಿಸಿಲಿನ ಪೋಷಣೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ, ಕಡಲೆಕಾಯಿ ಕಿತ್ತು, ರಾಗಿಯ ಒಕ್ಕಣೆ ತೀರಿ, ಕಣಗಳು ಬರಿದಾದ ಬಳಿಕ, ಮುಂಗಾರಿಗೆ ಮುಂಚಿನ ಮಳೆ ನೆಲವನ್ನು ನೆನೆಸುವ ಪರ್ಯಂತ, ಬಾಡಿಗೆಗೆ ಹೋಗದ ಟ್ರ್ಯಾಕ್ಟರುಗಳು ಮಾಗಿಯ ಚಳಿಯಿಂದ ಬೇಸಗೆಯ ಉರಿಯವರೆಗೂ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತೇ ಇರುವುದುಂಟು. ಕಡೆಗೊಮ್ಮೆ ಹದ ಕೂಡಿಬಂದ ಬೆಳಿಗ್ಗೆ ಕೀಲಿ ತಿರುಗಿಸಿದರೆ ಗಾಡಿ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ ಡೌನ್ ಆಗಿರುತ್ತದೆ. ಮಳೆಯನ್ನೇ ನಂಬಿದ ಬೇಸಾಯದಲ್ಲಿ ಹದವು ಯಾರಿಗೂ ಕಾಯತಕ್ಕದ್ದಲ್ಲವಾದುದರಿಂದ, ಆ ಒಂದು ದಿನದ ಉಳುಮೆ ತಪ್ಪುವುದು ಅಲ್ಪ ನಷ್ಟವೆಂದು ನಾನು ಎಣಿಸಲಾರೆ.

ಗಂಧಕಾಮ್ಲದಲ್ಲಿ ಸೀಸದ ಫಲಕಗಳನ್ನು ಮುಳುಗಿಸಿ ವಿದ್ಯುತ್ತನ್ನು ಕೂಡಿಡುವ ಕ್ರಮವನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸಾಧಿಸಿದನು. ನಮ್ಮ ಟ್ರ್ಯಾಕ್ಟರುಗಳೊಳಗಿನ ಬ್ಯಾಟರಿ ಇಂದಿಗೂ ಅದರ ವಂಶದ್ದೇ. ಯಾವ ತಂತಿಯನ್ನೂ ಜೋಡಿಸದೆ ಸುಮ್ಮನಿಟ್ಟರೂ ಅದರೊಳಗಿನ ರಾಸಾಯನಿಕ ಕ್ರಿಯೆ ಸಂಪೂರ್ಣವಾಗಿ ನಿಲ್ಲುವುದಿಲ್ಲವಾಗಿ, ತಿಂಗಳಿಗೆ ನೂರಕ್ಕೆ ಸುಮಾರು 5ರಷ್ಟು ಶಕ್ತಿ ತನ್ನಷ್ಟಕ್ಕೆ ಸೋರಿಹೋಗುತ್ತದೆ. ಸುತ್ತಲಿನ ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಈ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಇಳಿದ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟಿ ಪೆಟ್ಟಿಗೆಯೇ ಒಡೆಯುವ ಭಯವುಂಟು. ನಮಗೆ ಆ ಭಯವಿಲ್ಲ, ಆದರೆ ಏಪ್ರಿಲ್‌ನ ಝಳದಲ್ಲಿ ತಗಡಿನ ಮಾಡಿನ ಕೆಳಗೆ ನಡೆಯುವ ಹಾನಿ ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಪೂರ್ಣ ತುಂಬಿದ 12 ವೋಲ್ಟಿನ ಬ್ಯಾಟರಿಯನ್ನು ಅಳೆದರೆ 12.6ರಿಂದ 12.7 ವೋಲ್ಟ್ ತೋರಬೇಕು. 12.4ಕ್ಕಿಂತ ಕೆಳಗಿಳಿದು ಬಹುಕಾಲ ನಿಂತರೆ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಕರಗದೆ, ಬ್ಯಾಟರಿಯ ಆಯುಷ್ಯವನ್ನೇ ಕುಗ್ಗಿಸುತ್ತವೆ.

ಸೋರಿಕೆಯನ್ನು ಹೆಚ್ಚಿಸುವ ಈ ಸೂರ್ಯನಿಂದಲೇ ಅದನ್ನು ತುಂಬಿಸಿಕೊಳ್ಳಬಹುದು. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆ, 2018ರಲ್ಲಿ ಉದ್ಘಾಟನೆಗೊಂಡ ‘ಶಕ್ತಿಸ್ಥಳ’ ಸೌರ ವಿದ್ಯುತ್ ಉದ್ಯಾನ 2,050 ಮೆಗಾವಾಟ್ ಸಾಮರ್ಥ್ಯದ್ದಾಗಿದೆ. ಆ ವಿದ್ಯುತ್ತು ಹೆದ್ದಂತಿಗಳ ಮೇಲೆ ದೂರದೂರಕ್ಕೆ ಹೋಗುವುದು ನ್ಯಾಯವೇ. ಆದರೆ ಅದೇ ಬಿಸಿಲನ್ನು ಮನೆಯ ಮಾಡಿನ ಮೇಲೆ ಹಿಡಿಯಲು ರೈತನಿಗೆ 10 ವಾಟಿನ ಒಂದು ಪ್ಯಾನೆಲ್ ಸಾಕು. ಹಳ್ಳಿಗೆ ಇದೇನೂ ಅಪರಿಚಿತ ವಿದ್ಯೆಯಲ್ಲ: 1954ರಲ್ಲಿ ಬೆಲ್ ಪ್ರಯೋಗಶಾಲೆಯವರು ಸಿಲಿಕಾನ್ ಸೌರಕೋಶವನ್ನು ಪ್ರಕಟಿಸಿದ ಮರುವರ್ಷವೇ, ಅಮೆರಿಕ ದೇಶದ ಜಾರ್ಜಿಯಾ ಸಂಸ್ಥಾನದ ಅಮೆರಿಕಸ್ ಎಂಬ ಊರಿನಲ್ಲಿ ಗ್ರಾಮೀಣ ದೂರವಾಣಿಯ ಬ್ಯಾಟರಿಗಳನ್ನು ತುಂಬಲು ಅದನ್ನು ನಿಯೋಜಿಸಿದ್ದರು.

ಲೆಕ್ಕ ಸರಳವಾದುದು. 80 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ತಿಂಗಳಿಗೆ ಸೋರುವುದು ಸುಮಾರು 4 ಆಂಪಿಯರ್-ಗಂಟೆ. 10 ವಾಟಿನ ಪ್ಯಾನೆಲ್ ಅರ್ಧ ಆಂಪಿಯರಿನಂತೆ ಐದು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ 2.5 ಆಂಪಿಯರ್-ಗಂಟೆಯನ್ನು ಕೊಡುವುದರಿಂದ, ತಿಂಗಳ ಸೋರಿಕೆಯನ್ನು ಎರಡೇ ದಿನದ ಬಿಸಿಲು ತುಂಬಿಬಿಡುತ್ತದೆ. ಹೀಗೆ ಮಿಕ್ಕುವ ವಿದ್ಯುತ್ತನ್ನು ತಡೆಯದೆ ಹರಿಯಬಿಟ್ಟರೆ ಬ್ಯಾಟರಿಯ ನೀರು ಜಲಜನಕವಾಗಿಯೂ ಆಮ್ಲಜನಕವಾಗಿಯೂ ಒಡೆದು ಬತ್ತುತ್ತದೆ. ಆದುದರಿಂದ ನಡುವೆ ಚಾರ್ಜ್ ಕಂಟ್ರೋಲರ್ ಅತ್ಯಗತ್ಯ. ತುಂಬಿದ ಬ್ಯಾಟರಿಯನ್ನು ಅದು ಸುಮಾರು 13.6 ವೋಲ್ಟಿನಲ್ಲಿ ಹಿಡಿದಿಡುತ್ತದೆ. ರಾತ್ರಿ ವಿದ್ಯುತ್ತು ಪ್ಯಾನೆಲ್‌ಗೆ ಹಿಂದಿರುಗದಂತೆಯೂ ನೋಡಿಕೊಳ್ಳುತ್ತದೆ. ಕೊಳ್ಳುವಾಗ ಉಷ್ಣತೆಗೆ ತಕ್ಕಂತೆ ವೋಲ್ಟೇಜನ್ನು ಇಳಿಸಿಕೊಳ್ಳುವಂಥದನ್ನೇ ಕೇಳಿ ತರುವುದು ಈ ಸೀಮೆಯವರಿಗೆ ಹಿತ.

ಮೊದಲು ಕಂಟ್ರೋಲರಿಗೆ ಬ್ಯಾಟರಿಯನ್ನು, ಆಮೇಲೆ ಪ್ಯಾನೆಲನ್ನು ಜೋಡಿಸತಕ್ಕದ್ದು. ಜಲಜನಕವು ಕಿಡಿ ಸೋಕಿದರೆ ಸಿಡಿಯುವ ಅನಿಲವಾದುದರಿಂದ, ಬ್ಯಾಟರಿಯ ಬಳಿ ಬೀಡಿ ಹೊತ್ತಿಸಬಾರದು, ಗಾಳಿಯಾಡದ ಮೂಲೆಯಲ್ಲಿ ಅದನ್ನಿಡಲೂಬಾರದು. ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ, ಇಲ್ಲಿಯ ಅಕ್ಷಾಂಶಕ್ಕೆ ಸರಿಯಾಗಿ 14 ಡಿಗ್ರಿಯಷ್ಟು ವಾಲಿರಲಿ. ಸೂರ್ಯನು ದಕ್ಷಿಣಕ್ಕೆ ಸರಿದಿರುವ ಮಾಗಿಯಲ್ಲಿ ಇನ್ನಷ್ಟು ನಿಲ್ಲಿಸಿದರೆ ಒಳ್ಳೆಯದು. ಗಾಜಿನ ಮೇಲೆ ಕೂರುವ ಕೆಂಧೂಳನ್ನು ವಾರಕ್ಕೊಮ್ಮೆ, ಬಿಸಿಲೇರುವ ಮೊದಲು, ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ಯಾಟರಿಯ ನೀರು ತಗ್ಗಿದ್ದರೆ ಡಿಸ್ಟಿಲ್ಡ್ ವಾಟರನ್ನಲ್ಲದೆ ಬೋರ್‌ವೆಲ್ಲಿನ ಗಡಸು ನೀರನ್ನು ಎಂದಿಗೂ ಹಾಕಬಾರದು.