ಜಿಪಿಎಸ್ ಕಾಲದಲ್ಲಿ ಹಾಯಿ ಹಡಗು ಹತ್ತಿದ ತಮ್ಮ

ಇಂಜಿನಿಯರಿಂಗ್‌ನಲ್ಲಿ ನಮಗೆ 8085 ಮೈಕ್ರೊಪ್ರೊಸೆಸರ್ ಪಾಠ ಇತ್ತು. "ಇದ್ಯಾಕೆ ಸಾರ್ ಈಗ?" ಅಂತ ಲ್ಯಾಬ್‌ನಲ್ಲಿ ಯಾರಾದರೂ ಕೇಳೇ ಕೇಳುತ್ತಿದ್ದರು. ನೌಕಾಪಡೆ ಸೇರಿದ ತಮ್ಮ ಫೋನ್ ಮಾಡಿ, "ಮುಂದಿನ ವಾರ ತರಂಗಿಣಿಯಲ್ಲಿ ಹೊರಡ್ತೀವಿ, ಹಾಯಿ ಹಡಗು" ಅಂದಾಗ ನನಗೂ ಅದೇ ಪ್ರಶ್ನೆ ಬಂತು. ರೇಡಾರ್, ಕ್ಷಿಪಣಿ, ಜಲಾಂತರ್ಗಾಮಿ ಎಲ್ಲ ಇರುವವರಿಗೆ ಬಟ್ಟೆ-ಹಗ್ಗದ ಹಡಗು ಯಾಕೆ?

ಐಎನ್‌ಎಸ್ ತರಂಗಿಣಿ ಹಳೇ ಕಾಲದಿಂದ ಉಳಿದುಬಂದ ಹಡಗೇನಲ್ಲ. ತರಬೇತಿಗೆಂದೇ ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿಸಿ, 1997ರಲ್ಲಿ ಸೇವೆಗೆ ಸೇರಿಸಿದ್ದು. ಸುಮಾರು 54 ಮೀಟರ್ ಉದ್ದ, ಮೂರು ಹಾಯಿಕಂಬ, 20 ಹಾಯಿ. 2003-04ರಲ್ಲಿ ಇಡೀ ಭೂಮಿ ಸುತ್ತಿ ಬಂದಿದೆ. ನೆಲೆ ಕೊಚ್ಚಿ.

ಯಾಕೆ ಅನ್ನೋದಕ್ಕೆ ತಮ್ಮನೇ ಉತ್ತರ ಕೊಟ್ಟ. ಎಂಜಿನ್ ಹಡಗಲ್ಲಿ ಗಾಳಿ ಎಲ್ಲಿಂದ ಬೀಸ್ತಿದೆ ಅಂತ ಗಮನಿಸದೆಯೂ ದಿನ ಕಳೆಯಬಹುದು. ಇಲ್ಲಿ ಗಾಳಿ ಸ್ವಲ್ಪ ತಿರುಗಿದರೂ ಹಾಯಿ ತಿರುಗಿಸಬೇಕು, ಒಬ್ಬನ ಕೈಲಿ ಆಗೋದಿಲ್ಲ, ಸಾಲಾಗಿ ನಿಂತು ಎಳೀಬೇಕು. ಮುಂದಿನ ಎರಡು ಕಂಬಗಳ ಚೌಕ ಹಾಯಿಗಳನ್ನು ಬಿಚ್ಚೋದಕ್ಕೂ ಮಡಚಿ ಕಟ್ಟೋದಕ್ಕೂ ಮೇಲೆ ಹತ್ತಿ, ಅಡ್ಡಮರದ ಕೆಳಗೆ ಕಟ್ಟಿದ ಹಗ್ಗದ ಮೇಲೆ ಕಾಲಿಟ್ಟು ತುದಿವರೆಗೆ ಸರಿಯಬೇಕು. ಸೊಂಟಕ್ಕೆ ಬೆಲ್ಟ್ ಇರುತ್ತೆ. ಆದರೆ ಕೆಳಗೆ ಹಡಗು ಓಲಾಡ್ತಾ ಇರುತ್ತೆ. ಹಗ್ಗಗಳಿಗೆ ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಜಾಗ. ಕತ್ತಲಲ್ಲೂ ಸರಿಯಾದ್ದೇ ಕೈಗೆ ಸಿಗಬೇಕು. 8085ಕ್ಕಿಂತ ಇದು ಉಪಯೋಗದ ಪಾಠ ಅನ್ನಿಸಿತು. ನಮ್ಮ ಲ್ಯಾಬಲ್ಲಿ ತಪ್ಪು ಮಾಡಿದ್ರೆ ರೀಸೆಟ್ ಬಟನ್ ಇತ್ತು.

ಈ ವಿವರ ಯಾವುದನ್ನೂ ನಾನು ಅಮ್ಮನಿಗೆ ಹೇಳಲಿಲ್ಲ. ಕೈಗೆ ಬಂದಿದ್ದ ಐಟಿ ಆಫರ್ ಬಿಟ್ಟು ಅವನು ಹೋಗಿದ್ದನ್ನು ಅಮ್ಮ ಇನ್ನೂ ಒಪ್ಪಿರಲಿಲ್ಲ. ಅರಸೀಕೆರೆ ಕಡೆಯವರು ನಾವು, ನೀರು ಅಂದ್ರೆ ಕೆರೆ, ಅದೂ ಮಳೆ ಬಂದ ವರ್ಷ. ಆದರೂ ಹೊರಡುವ ದಿನ ಕೊಚ್ಚಿಗೆ ಬಂದರು. ಫೋರ್ಟ್ ಕೊಚ್ಚಿಯ ಚೀನೀ ಬಲೆಗಳ ಹತ್ತಿರ ನಿಂತೆವು. ಬಂದರಿನಿಂದ ಹೊರಗೆ ಹೋಗೋ ಹಡಗು ಆ ಕಾಲುವೆಯಲ್ಲೇ ದಾಟಬೇಕು.

ತರಂಗಿಣಿ ಬಂತು. ಬೋಳು ಕಂಬಗಳು, ಮೆಲ್ಲಗೆ ಎಂಜಿನ್ ಸದ್ದು.

"ಹಾಯಿನೇ ಇಲ್ವಲ್ಲೋ?"

"ಇಲ್ಲಿ ಜಾಗ ಕಡಿಮೆ ಅಮ್ಮ, ಫೆರ್ರಿ ಓಡಾಡುತ್ತೆ. ಸಮುದ್ರಕ್ಕೆ ಹೋದ್ಮೇಲೆ ಬಿಚ್ತಾರೆ."

"ಯಾರು ಬಿಚ್ಚೋದು?"

"ಇವರೇ."

ಅಮ್ಮ ಕಂಬದ ತುದಿಯನ್ನೇ ನೋಡುತ್ತಾ ನಿಂತರು. ಡೆಕ್ ಮೇಲೆ ಬಿಳಿ ಸಮವಸ್ತ್ರದಲ್ಲಿ ಸಾಲಾಗಿ ನಿಂತವರಲ್ಲಿ ನಮ್ಮವನು ಯಾರು ಅಂತ ಗೊತ್ತಾಗಲಿಲ್ಲ. ಎಲ್ಲರಿಗೂ ಸೇರಿಸಿ ಒಂದೇ ಸಲ ಕೈ ಬೀಸಿದರು. ಹಡಗು ಚಿಕ್ಕದಾಗುವವರೆಗೂ ಕಾದೆವು, ಹಾಯಿ ಮಾತ್ರ ಕಾಣಲಿಲ್ಲ.

ಆಮೇಲೆ ಫೋನಿಲ್ಲ. ಸಿಗ್ನಲ್ ದಡದ ಹತ್ತಿರಕ್ಕಷ್ಟೇ. ಅಮ್ಮ ದಿನಾ ಟೀವಿಯಲ್ಲಿ ಹವಾಮಾನ ನೋಡೋಕೆ ಶುರು ಮಾಡಿದರು, ಊರಿನದಲ್ಲ, ಅರಬ್ಬಿ ಸಮುದ್ರದ್ದು.

ಮುಂದಿನ ಬಂದರಿನಿಂದ ಅವನು ಕರೆ ಮಾಡಿದಾಗ ಅಮ್ಮ ಊಟದ ಸುದ್ದಿ ಎತ್ತಲೇ ಇಲ್ಲ.

"ಕಂಬ ಹತ್ತಿದ್ಯೇನೋ?"

"ಎರಡು ದಿನ ಬರೀ ವಾಂತಿ ಅಮ್ಮ. ಮೂರನೇ ದಿನ ಹತ್ತಿದೆ."

"ಕೆಳಗೆ ನೋಡಿದ್ಯಾ?"

"ನೋಡಿದೆ. ಕಾಲು ನಡುಗ್ತು. ಪಕ್ಕದವನದ್ದೂ ನಡುಗ್ತಿತ್ತು, ಅದಕ್ಕೇ ಸರಿಹೋಯ್ತು."

ಮಾರನೇ ದಿನ ಅಮ್ಮ ಕಾಂಪೌಂಡ್ ಆಚೆಯ ಆಂಟಿಗೆ ಹೇಳುತ್ತಿದ್ದುದು ಕೇಳಿಸಿತು: "ನನ್ನ ಚಿಕ್ಕೋನು ಹಾಯಿ ಕಟ್ಟೋಕೆ ಕಂಬ ಹತ್ತುತಾನೆ ಕಣ್ರೀ."