ಒಸಡಿನ ಆಳವೆಷ್ಟು?

ಹಲ್ಲುನೋವಿನಿಂದ ನರಳುವವನಿಗೆ ಚಿಕಿತ್ಸೆಯ ವಿಷಯದಲ್ಲಿ ಸಂದೇಹವಿರುವುದಿಲ್ಲ. ಅವನ ನೋವೇ ಸಾಕ್ಷಿ. ಒಸಡಿನ ವಿಚಾರ ಹಾಗಲ್ಲ. ನೋವಿಲ್ಲದ ಬಾಯನ್ನು ತೆರೆಸಿ ನೋಡಿದ ದಂತವೈದ್ಯರು, ಒಸಡನ್ನು ಬಿಡಿಸಿ ಶುದ್ಧಿ ಮಾಡಬೇಕೆಂದರೆ ನಂಬುವುದು ಹೇಗೆ? ರೋಗವನ್ನು ಕಂಡವರೂ ಅವರೇ, ಚಿಕಿತ್ಸೆ ಮಾಡುವವರೂ ಅವರೇ, ಹಣ ಪಡೆಯುವವರೂ ಅವರೇ. ಇಂಥಲ್ಲಿ ಹುಟ್ಟುವ ಶಂಕೆಯನ್ನು ರೋಗಿಯ ಕುಚೋದ್ಯವೆಂದು ತಳ್ಳಿಹಾಕುವಂತಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಈ ಶಂಕೆಗೆ ಇನ್ನೊಂದು ನಂಬಿಕೆಯ ಆಸರೆಯೂ ಇದೆ: ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬುದು. ಈ ನಂಬಿಕೆ ಕಣ್ಣಾರೆ ಕಂಡದ್ದರಿಂದಲೇ ಹುಟ್ಟಿದ್ದು. ಆದರೆ ಕಂಡದ್ದಕ್ಕೆ ಕೊಟ್ಟ ಕಾರಣ ತಪ್ಪು. ವರ್ಷಗಟ್ಟಲೆ ಕೂತ ಪಾಚಿ ಕಲ್ಲಿನಂತೆ ಗಟ್ಟಿಯಾಗಿ ಹಲ್ಲುಹಲ್ಲುಗಳ ನಡುವೆ ಗಾರೆಯ ಹಾಗೆ ನಿಂತಿರುತ್ತದೆ. ಒಳಗೆ ಮೂಳೆ ಕರಗಿದ್ದರೂ ಹಲ್ಲು ಆ ಗಾರೆಯ ಬಲದಿಂದ ಅಲುಗದೆ ಇರುತ್ತದೆ. ಗಾರೆ ಹೋದೊಡನೆ ಮೊದಲೇ ಇದ್ದ ಸಡಿಲು ಬಯಲಾಗುತ್ತದೆ. ಊದಿದ್ದ ಒಸಡು ಇಳಿದು ಸಂದುಗಳೂ ಕಾಣುತ್ತವೆ.

ಕಳೆದ ವರ್ಷ ಈ ಪ್ರಶ್ನೆ ನನಗೇ ಎದುರಾಯಿತು. ಉಜ್ಜುವಾಗ ರಕ್ತ ಬರುತ್ತಿತ್ತು, ಅಷ್ಟೆ. ಒಂದು ಊರಿನ ವೈದ್ಯರು ನೋಡಿ, ಬಾಯಿಯ ನಾಲ್ಕೂ ಭಾಗಗಳಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಹೇಳಿದ ಮೊತ್ತ ನನ್ನ ಒಂದು ತಿಂಗಳ ಪಿಂಚಣಿಯನ್ನು ಮೀರಿತ್ತು. "ಯಾವ ಹಲ್ಲಿನ ಬಳಿ ಎಷ್ಟು ಕೆಟ್ಟಿದೆ, ಡಾಕ್ಟರೇ?" ಎಂದೆ. "ಮೇಷ್ಟ್ರೇ, ಅದೆಲ್ಲ ನಿಮಗೆ ತಿಳಿಯೋದಿಲ್ಲ ಬಿಡಿ" ಎಂದರು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನಿಗೆ ಈ ಉತ್ತರ ರುಚಿಸಲಿಲ್ಲ.

ಏಕೆಂದರೆ ಇದು ಅಳೆಯಬಹುದಾದ ಸಂಗತಿ. ಹಲ್ಲಿಗೂ ಒಸಡಿಗೂ ನಡುವೆ ಸಣ್ಣ ಸಂದು ಎಲ್ಲರಿಗೂ ಇರುತ್ತದೆ. ಆರೋಗ್ಯವಂತರಲ್ಲಿ ಅದರ ಆಳ 1ರಿಂದ 3 ಮಿಲಿಮೀಟರು. ರೋಗ ಹತ್ತಿದರೆ ಸಂದು ಆಳವಾಗಿ ಕಿಸೆಯಂತಾಗುತ್ತದೆ, ಅದರ ಬುಡದಲ್ಲಿ ಮೂಳೆ ಸವೆಯುತ್ತದೆ. ಗೀಟುಗಳಿರುವ ತೆಳುವಾದ ಕಡ್ಡಿಯೊಂದರಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಈ ಆಳವನ್ನು ಅಳೆಯುವುದು ಶಾಸ್ತ್ರದ ಕ್ರಮ. ಮೂಳೆಯ ಸ್ಥಿತಿಯನ್ನು ಎಕ್ಸರೇ ತೋರಿಸುತ್ತದೆ.

ಹರಪನಹಳ್ಳಿಯ ಬಸ್ಸು ಹಿಡಿದು ದಾವಣಗೆರೆಯ ದಂತವೈದ್ಯ ಕಾಲೇಜೊಂದಕ್ಕೆ ಹೋದೆ. ಅಲ್ಲಿ ವಿದ್ಯಾರ್ಥಿನಿಯೊಬ್ಬಳು ನನ್ನ 28 ಹಲ್ಲುಗಳ 168 ಅಳತೆಗಳನ್ನು ಮಗ್ಗಿ ಒಪ್ಪಿಸುವಂತೆ ಕೂಗಿ ಹೇಳುತ್ತ ಹೋದಳು, ಇನ್ನೊಬ್ಬಳು ಬರೆದುಕೊಂಡಳು. ಹೆಚ್ಚಿನವು 2, 3, ಹಲವು 4, ಕೆಳಗಿನ ಬಲಬದಿಯ ಎರಡು ದವಡೆಹಲ್ಲುಗಳ ಬಳಿ ಮಾತ್ರ 6 ಮತ್ತು 7. ಮೊದಲು ಬೇರಿನವರೆಗೆ ಪಾಚಿ ತೆಗೆದರು. ಎಂಟು ವಾರ ಬಿಟ್ಟು ಮತ್ತೆ ಅಳೆದರು. ನಾಲ್ಕುಗಳು ಮೂರಕ್ಕೆ ಇಳಿದಿದ್ದವು. ದವಡೆಹಲ್ಲುಗಳಲ್ಲಿ ಒಂದು ಸುಧಾರಿಸಿತು. ಇನ್ನೊಂದು ಆರರಲ್ಲೇ ನಿಂತಿತು. ಆ ಒಂದು ಕಡೆ ಒಸಡನ್ನು ಬಿಡಿಸಿ, ಶುದ್ಧಿ ಮಾಡಿ, ಹೊಲಿಗೆ ಹಾಕಿದರು. ಮೊದಲಿನ ವೈದ್ಯರು ಹೇಳಿದ ರೋಗ ಸುಳ್ಳಾಗಿರಲಿಲ್ಲ; ಅದರ ವಿಸ್ತಾರ ಮಾತ್ರ ಅವರು ಹೇಳಿದಷ್ಟಿರಲಿಲ್ಲ.

ಹೀಗೆ ಕಾದು ನೋಡುವುದರ ಹಿಂದೆ ದೊಡ್ಡ ಅನುಭವವಿದೆ. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಮಂದಿ ಆರೋಗ್ಯವಂತರಿಂದ ಹಲ್ಲುಜ್ಜುವುದನ್ನೇ ಬಿಡಿಸಿ ಪರೀಕ್ಷಿಸಿ, 1965ರಲ್ಲಿ ಫಲವನ್ನು ಪ್ರಕಟಿಸಿದರು. ಮೂರು ವಾರಗಳೊಳಗೆ ಎಲ್ಲರ ಒಸಡೂ ಕೆಂಪೇರಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಅದೇ ಲೋ ಅವರ ತಂಡ 1970ರಿಂದ ಹದಿನೈದು ವರ್ಷ ಶ್ರೀಲಂಕಾದ ಚಹಾ ತೋಟಗಳ 480 ಗಂಡಾಳುಗಳನ್ನು ಗಮನಿಸಿತು. ಅವರಿಗೆ ಹಲ್ಲುಜ್ಜುವ ರೂಢಿಯೂ ಇರಲಿಲ್ಲ, ದಂತವೈದ್ಯರ ಸಹಾಯವೂ ಇರಲಿಲ್ಲ. ನೂರರಲ್ಲಿ ಸುಮಾರು 8 ಮಂದಿಗೆ ರೋಗ ವೇಗವಾಗಿ ಬೆಳೆಯಿತು. 81 ಮಂದಿಗೆ ಮಧ್ಯಮ ಗತಿಯಲ್ಲಿ. 11 ಮಂದಿಗೆ ಒಸಡಿನ ಊತವನ್ನು ದಾಟಿ ಮುಂದೆ ಹೋಗಲೇ ಇಲ್ಲ. ಎಲ್ಲ ಬಾಯಿಗೂ ಒಂದೇ ವಿಧಿಯಿಲ್ಲವೆಂದಾಯಿತು. ಸ್ವೀಡನ್ನಿನ ಯಾನ್ ಲಿಂಡೆ ಮತ್ತು ಸಂಗಡಿಗರು 1982ರಲ್ಲಿ ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿದರು: ಸಂದು 2.9 ಮಿಲಿಮೀಟರಿಗಿಂತ ಕಡಿಮೆಯಿದ್ದಲ್ಲಿ ಬೇರನ್ನು ಕೆರೆದರೆ ಲಾಭಕ್ಕಿಂತ ನಷ್ಟವೇ. ಶಸ್ತ್ರಚಿಕಿತ್ಸೆಗೆ ಆ ಗಡಿ 4.2. ಮೊದಲ ಚಿಕಿತ್ಸೆಯ ಮೇಲೂ 6 ಮಿಲಿಮೀಟರು ಅಥವಾ ಹೆಚ್ಚು ಉಳಿದಲ್ಲಿ ಶಸ್ತ್ರಚಿಕಿತ್ಸೆಯನ್ನು ಯೋಚಿಸಬಹುದೆಂದು ಯೂರೋಪಿನ ಒಸಡು ತಜ್ಞರ ಒಕ್ಕೂಟ 2020ರಲ್ಲಿ ಹೇಳಿದೆ.

ನಮ್ಮ ಸುಶ್ರುತನೂ ಹಲ್ಲಿನ ಮೇಲಿನ ಗಟ್ಟಿ ಕಲ್ಮಷವನ್ನು ದಂತಶರ್ಕರವೆಂದು ಕರೆದು, ಹಲ್ಲಿನ ಬುಡಕ್ಕೆ ಹಿಂಸೆಯಾಗದಂತೆ ಅದನ್ನು ತೆಗೆಯಬೇಕೆಂದು ವಿಧಿಸಿದ್ದಾನೆ. ಬೇಡದ ಕಡೆ ಕೈಹಾಕುವ ವೈದ್ಯರು ಅಂದೂ ಇದ್ದರೋ ಏನೋ!

ಕೂಡ್ಲಿಗಿಯ ಕಡೆಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅಲ್ಲಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಚಿಕ್ಕಂದಿನಿಂದ ಅದನ್ನು ಕುಡಿದವರ ಹಲ್ಲಿನ ಮೇಲಿನ ಕಂದು ಗೆರೆಗಳು ಹಲ್ಲಿನೊಳಗೇ ಮೂಡಿದವು. ಅವು ಒಸಡಿನ ರೋಗವೂ ಅಲ್ಲ, ಕ್ಲೀನಿಂಗಿನಿಂದ ಹೋಗುವಂಥವೂ ಅಲ್ಲ.

ಇಷ್ಟಾದರೂ, ನಮ್ಮ ಕಡೆ ಹಲ್ಲು ಕಳೆದುಕೊಂಡವರಲ್ಲಿ ಬೇಡದ ಚಿಕಿತ್ಸೆಯಿಂದ ಕಳೆದುಕೊಂಡವರನ್ನು ನಾನು ಕಂಡಿಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿದ್ದು ಕಳೆದುಕೊಂಡವರನ್ನು ಮನೆಮನೆಯಲ್ಲೂ ಕಂಡಿದ್ದೇನೆ. ಬೀಡಿ ಸೇದುವವರು, ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರು, ಸಕ್ಕರೆ ಕಾಯಿಲೆಯವರು ಇವರ ಒಸಡಿಗೆ ಕಾಯುವ ವ್ಯವಧಾನ ಕಡಿಮೆ. ತಂಬಾಕಿನವರಲ್ಲಿ ರಕ್ತ ಕಾಣಿಸುವುದೂ ಕಡಿಮೆಯಾದ್ದರಿಂದ ರೋಗ ಒಳಗೊಳಗೇ ನಡೆಯುತ್ತದೆ.

ಹಡಗಲಿಯಲ್ಲಿರುವ ನನ್ನ ಅಕ್ಕನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮುಂದಿನ ಎರಡು ಹಲ್ಲು ಅಲುಗುತ್ತಿವೆ. "ಮುಟ್ಟಿದರೆ ಉದುರ್ತಾವೆ ಕಣೋ, ಬಿಡು" ಎನ್ನುತ್ತಿದ್ದವಳು, ನನ್ನ ಅಳತೆಯ ಚೀಟಿಯನ್ನು ಎರಡು ಸಲ ತಿರುವಿ ನೋಡಿ, ಬರುವ ಸೋಮವಾರ ಹೊರಡಲು ಒಪ್ಪಿದ್ದಾಳೆ. ರಕ್ತದ ಸಕ್ಕರೆಯ ಹೊಸ ವರದಿಯನ್ನೂ ತರಬೇಕೆಂದು ಕಾಲೇಜಿನವರು ಹೇಳಿದ್ದಾರೆ.